ಡಾಂಬರಿಗೆ ತಕ್ಕ ಹದ: ಒಂದು ಟಿಟಿ-02 ಕಾರು ಕಟ್ಟಿ, ಬಣ್ಣ ಹೊಡೆದು, ಓಡಿಸಿದ್ದು

ಟಿಟಿ-02 ಎಂದರೆ ಬಿಡಿಭಾಗ ಜೋಡಿಸಿ ನಾವೇ ಕಟ್ಟಿ ಓಡಿಸುವ ರಿಮೋಟ್ ಕಾರಿನ ಕಿಟ್. ಅದರ ಪೆಟ್ಟಿಗೆ ಬಿಚ್ಚುವ ಮೊದಲು ಓಡಿಸುವ ನೆಲ ನೋಡಿಕೊಂಡು ಬಂದದ್ದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮೈಸೂರಿನ ರಿಂಗ್ ರಸ್ತೆಯಾಚೆ ಸೈಟು ಹಂಚಿಯೂ ಮನೆ ಏಳದ ಬಡಾವಣೆಗಳಿವೆ. ಅಲ್ಲಿನ ರಸ್ತೆಗಳು ಡಾಂಬರು ಕಂಡು ಒಂದೆರಡು ಮಳೆಗಾಲ ಕಳೆದಿರುತ್ತವೆ. ಜಲ್ಲಿಯ ತಲೆ ಮೇಲೆದ್ದು, ಅಂಗೈ ಸವರಿದರೆ ತರಚುತ್ತದೆ. ಅಂಚಿಗೆ ಕೆಮ್ಮಣ್ಣು, ಅಲ್ಲಲ್ಲಿ ಮರಳು. ರೇಸಿನವರ ಸೆಟ್ಟಿಂಗ್ ಹಾಳೆಗಳು ಸಾಮಾನ್ಯವಾಗಿ ಕಾರ್ಪೆಟ್ಟಿಗೋ ನುಣುಪಾದ ಟ್ರ್ಯಾಕಿಗೋ ಬರೆದವು. ಅವನ್ನು ಇಲ್ಲಿಗೆ ಹಾಗೇ ಎತ್ತಿ ಹಾಕಿದರೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ, ತಿರುವಿನಲ್ಲಿ ಚಕ್ರ ಕುಪ್ಪಳಿಸಿ ಹಿಡಿತ ಬಿಡುತ್ತದೆ. ಹಾಗಾಗಿ ಈ ಒರಟು ನೆಲ ಮೊದಲ ಸ್ಕ್ರೂನಿಂದಲೇ ಲೆಕ್ಕಕ್ಕೆ ಬಂತು.

ಆರಿಸಿಕೊಂಡದ್ದು ಜಪಾನಿನ ಶಿಜುವೊಕದ ಟಮಿಯಾ ಕಂಪನಿಯವರು 2013ರಲ್ಲಿ ತಂದ ಟಿಟಿ-02 ಷಾಸಿ, ಅಂದರೆ ಬಾಡಿಯ ಕೆಳಗಿನ ಕಾರಿನ ಚೌಕಟ್ಟು. ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆ. ಒಂದೇ ಮೋಟಾರು, ನಡುವೆ ಹಾಯ್ದ ಶಾಫ್ಟಿನ ಮೂಲಕ ನಾಲ್ಕೂ ಚಕ್ರಗಳಿಗೆ ಶಕ್ತಿ. ಬೆಲ್ಟಿನ ಕಾರುಗಳು ಇದಕ್ಕಿಂತ ನಯವಾಗಿ ಓಡುತ್ತವೆ, ನಿಜ. ಆದರೆ ಬೆಲ್ಟಿಗೂ ಅದರ ಗಾಲಿಗೂ ನಡುವೆ ಒಂದು ಜಲ್ಲಿ ಚೂರು ಸಿಕ್ಕಿದರೆ ಬೆಲ್ಟಿನ ಹಲ್ಲು ಹೋಯಿತು. ಇದರ ಗೇರುಗಳು ಮುಚ್ಚಿದ ಪೆಟ್ಟಿಗೆಯೊಳಗಿವೆ, ನಮ್ಮ ಧೂಳಿಗೆ ಅದೇ ವಾಸಿ. ಕಿಟ್ ಅಂದರೆ ಷಾಸಿ, ಮೋಟಾರು, ಚಕ್ರ, ಬಾಡಿ. ರಿಮೋಟು, ಅದರ ಸಂಕೇತ ಹಿಡಿಯುವ ರಿಸೀವರ್, ಸ್ಟೀರಿಂಗು ತಿರುಗಿಸುವ ಸರ್ವೋ, ಬ್ಯಾಟರಿ, ಚಾರ್ಜರ್, ಬಣ್ಣ ಎಲ್ಲ ಬೇರೆ. ವೇಗ ನಿಯಂತ್ರಿಸುವ ಇಎಸ್‌ಸಿ ಕೆಲವು ಕಿಟ್‌ಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ಓದಿಕೊಂಡೇ ಆರ್ಡರ್ ಮಾಡಬೇಕು.

ಮೊದಲ ಖರ್ಚು ಸ್ಕ್ರೂಡ್ರೈವರಿಗೆ. ಈ ಸ್ಕ್ರೂಗಳ ತಲೆಯಲ್ಲಿರುವುದು ನೋಡುವುದಕ್ಕೆ ಮಾಮೂಲಿ ಸ್ಟಾರ್ ಥರವೇ, ಆದರೆ ಅದು ಜಪಾನಿನ ಜೆಐಎಸ್ ಅಳತೆ. ಹಾರ್ಡ್‌ವೇರ್ ಅಂಗಡಿಯ ಸ್ಟಾರ್ ಡ್ರೈವರ್ ಅದರೊಳಗೆ ಪೂರ್ತಿ ಕೂರುವುದಿಲ್ಲ, ಒತ್ತಿ ತಿರುಗಿಸಿದಾಗ ಮೇಲಕ್ಕೆ ಜಾರಿ ತಲೆಯನ್ನು ಸವೆಸುತ್ತದೆ. ಸವೆದ ಸ್ಕ್ರೂ ಪ್ಲಾಸ್ಟಿಕ್ಕಿನ ಆಳದಲ್ಲಿ ಕೂತಿದ್ದರೆ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. 2ನೇ ನಂಬರಿನ ಒಂದು ಜೆಐಎಸ್ ಡ್ರೈವರ್ ತರಿಸಿಕೊಂಡರೆ ಮುಕ್ಕಾಲು ಪಾಲು ಕೆಲಸ ಅದರಲ್ಲೇ ಮುಗಿಯುತ್ತದೆ. ಇದರ ಜೊತೆಗೆ 1.5 ಮತ್ತು 2 ಮಿ.ಮೀ. ಅಲೆನ್ ಕೀ, ಮೊನಚು ಇಕ್ಕಳ, ಕಟ್ಟರ್, ಬಾಗಿದ ಬಾಯಿಯ ಕತ್ತರಿ, ತೂತು ಅಗಲಿಸುವ ಬಾಡಿ ರೀಮರ್, 400 ಮತ್ತು 800 ನಂಬರಿನ ಎಮರಿ ಪೇಪರ್ ಬೇಕು.

ಪ್ಲಾಸ್ಟಿಕ್ಕಿಗೆ ಸ್ಕ್ರೂ ಕೂರಿಸುವುದರಲ್ಲಿ ಒಂದು ನಾಜೂಕಿದೆ. ಹೊಸ ತೂತಿಗೆ ಸ್ಕ್ರೂ ತಾನೇ ಮರೆ, ಅಂದರೆ ಸುರುಳಿ ಗೀರು, ಕೊರೆದುಕೊಂಡು ಇಳಿಯುತ್ತದೆ. ಬಿಗಿಯಾಗಿದ್ದರೆ ಒಂದು ಸುತ್ತು ಒಳಗೆ, ಕಾಲು ಸುತ್ತು ಹೊರಗೆ, ಹೀಗೆ ಇಳಿಸಬೇಕು. ತಲೆ ತಾಗಿದ ಮೇಲೆ ಇನ್ನೊಂದು ಎಳೆತ ಎಳೆದರೆ ಮರೆ ಕಿತ್ತು, ಸ್ಕ್ರೂ ಸುಮ್ಮನೆ ತಿರುಗತೊಡಗುತ್ತದೆ. ಬಿಚ್ಚಿ ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ. ಹಳೆಯ ಮರೆಯ ಬಾಯಿಗೆ ಸ್ಕ್ರೂ ಬಿದ್ದಾಗ 'ಟಕ್' ಎಂದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಬೇಕು. ಹಾಗೆ ಮಾಡದಿದ್ದರೆ ಪ್ರತಿ ಸಲವೂ ಹೊಸ ಮರೆ ಕೊರೆದು ತೂತು ಸಡಿಲವಾಗುತ್ತದೆ. ಥ್ರೆಡ್‌ಲಾಕ್ ಅಂಟು ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ, ಅಂದರೆ ಮೋಟಾರಿನ ಸ್ಕ್ರೂ, ಪಿನಿಯನ್ನಿನ (ಮೋಟಾರು ಶಾಫ್ಟಿಗೆ ಕೂರುವ ಸಣ್ಣ ಗೇರಿನ) ಪುಟ್ಟ ಸ್ಕ್ರೂ, ಅಷ್ಟೇ. ಪ್ಲಾಸ್ಟಿಕ್ಕಿಗೆ ತಗುಲಿದರೆ ಬಿರುಕು ಬಿಡಿಸುತ್ತದೆ.

ಕಿಟ್‌ನಲ್ಲಿ ಬರುವ ಪ್ಲಾಸ್ಟಿಕ್ ಬುಷ್‌ಗಳನ್ನು ಪಕ್ಕಕ್ಕಿಟ್ಟು, ಕಟ್ಟುವಾಗಲೇ ಬಾಲ್ ಬೇರಿಂಗ್ ಹಾಕಿಬಿಡುವುದು ಒಳ್ಳೆಯದು. ಚಕ್ರಗಳ ಹಬ್‌ನಲ್ಲಿ ಕೂರುವುದು 1150 ಎಂದು ಕರೆಯುವ ಅಳತೆ: ಹೊರಗಿನ ವ್ಯಾಸ 11 ಮಿ.ಮೀ., ತೂತು 5 ಮಿ.ಮೀ., ದಪ್ಪ 4 ಮಿ.ಮೀ. ಚಕ್ರಕ್ಕೆ ಎರಡರಂತೆ ಎಂಟು ಅಲ್ಲಿಗೇ ಬೇಕು, ಗೇರುಪೆಟ್ಟಿಗೆಗೆ ಬೇರೆ. ನಮ್ಮ ಧೂಳಿನಲ್ಲಿ ಬುಷ್ ಬೇಗ ಸವೆದು ಚಕ್ರ ಅಲ್ಲಾಡುತ್ತದೆ. ಚಕ್ರ ಅಲ್ಲಾಡಿದ ಮೇಲೆ ಕೋನ ಅಳೆದು ಏನು ಪ್ರಯೋಜನ? ರಬ್ಬರು ಮುಚ್ಚಳ ಇರುವ ಬೇರಿಂಗನ್ನೇ ಕೇಳಿ ತೆಗೆದುಕೊಳ್ಳಿ. ಲೋಹದ ಮುಚ್ಚಳದ್ದಕ್ಕಿಂತ ಮಣ್ಣನ್ನು ಚೆನ್ನಾಗಿ ತಡೆಯುತ್ತದೆ.

ಡಿಫರೆನ್ಷಿಯಲ್ ಕಟ್ಟುವ ಹೊತ್ತಿಗೆ ಅವಸರ ಬೇಡ. ಮುಂದೊಂದು, ಹಿಂದೊಂದು, ಎರಡೂ ಒಂದೇ ಥರದ್ದು. ಡಬ್ಬಿಯೊಳಗೆ ಎರಡು ದೊಡ್ಡ ಬೆವೆಲ್ ಗೇರು, ನಡುವೆ ಮೂರು ಕವಲಿನ ಕಡ್ಡಿಯ ಮೇಲೆ ಮೂರು ಸಣ್ಣ ಗೇರು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು, ಅದಕ್ಕೆ ಅವಕಾಶ ಕೊಡುವುದು ಈ ಐದು ಗೇರುಗಳು. ಎರಡನ್ನೂ ಮಾಮೂಲಿ ಗ್ರೀಸಿನಲ್ಲೇ ಕಟ್ಟಿದರೆ ಉಬ್ಬುತಗ್ಗಿನ ನೆಲದಲ್ಲಿ ಭಾರ ಇಳಿದ ಒಳಚಕ್ರ ಗಾಳಿಯಲ್ಲಿ ಸುಮ್ಮನೆ ಸುತ್ತುತ್ತದೆ, ಶಕ್ತಿಯೆಲ್ಲ ಅಲ್ಲೇ ಸೋರುತ್ತದೆ. ಅದಕ್ಕೆ ಮುಂದಿನ ಡಿಫ್‌ಗೆ ಆಂಟಿವೇರ್ ಗ್ರೀಸು ತುಂಬಿದ್ದು. ಅದು ಜೋನಿಬೆಲ್ಲದ ಹಾಗೆ ಜಿಗುಟು, ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ನೂಲಿನಂತೆ ಎಳೆ ಬರುತ್ತದೆ. ಗೇರಿನ ಹಲ್ಲುಗಳ ಸಂದೆಲ್ಲ ತುಂಬುವಷ್ಟು ಹಚ್ಚಿ ಮುಚ್ಚಬೇಕು. ಮುಚ್ಚಿದ ಮೇಲೆ ಒಂದು ಬದಿಯ ಬಟ್ಟಲಿನಂಥ ತುದಿಯನ್ನು ಹಿಡಿದು ಇನ್ನೊಂದನ್ನು ತಿರುಗಿಸಿ ನೋಡಿ: ತಿರುಗಬೇಕು, ಆದರೆ ಬಿಟ್ಟ ತಕ್ಷಣ ನಿಲ್ಲಬೇಕು. ಹಿಂದಿನದಕ್ಕೆ ಕಿಟ್‌ನ ಗ್ರೀಸೇ ಸಾಕು, ತೆಳ್ಳಗೆ. ಹಿಂದಿನದನ್ನೂ ಗಟ್ಟಿ ಮಾಡಿದರೆ ಆಕ್ಸಿಲರೇಟರ್ ಕೊಟ್ಟ ಕೂಡಲೇ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ, ಮರಳಿನ ಮೇಲಂತೂ ಕೇಳುವುದೇ ಬೇಡ.

ಮೋಟಾರಿನ ಪಿನಿಯನ್ 22 ಹಲ್ಲು, ಅದು ತಿರುಗಿಸುವ ಸ್ಪರ್ ಗೇರು 70 ಹಲ್ಲು. ಷಾಸಿಯೊಳಗಿನ ಉಳಿದ ಗೇರುಗಳ ಅನುಪಾತ 2.6. ಎಪ್ಪತ್ತನ್ನು ಇಪ್ಪತ್ತೆರಡರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27, ಅಂದರೆ ಚಕ್ರ ಒಂದು ಸುತ್ತು ಸುತ್ತಲು ಮೋಟಾರು ಎಂಟೂಕಾಲು ಸುತ್ತು ತಿರುಗಬೇಕು. 25 ಹಲ್ಲಿನ ಪಿನಿಯನ್ ಹಾಕಿದರೆ ಇದು 7.28ಕ್ಕೆ ಇಳಿದು ಕೊನೆಯ ವೇಗ ಏರುತ್ತದೆ, ಮೋಟಾರಿನ ಬಿಸಿಯೂ ಏರುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಓಡಿಸುವವರು 22ರಲ್ಲೇ ಶುರು ಮಾಡಲಿ. ಎಷ್ಟು ಹಲ್ಲಿನ ಪಿನಿಯನ್ನಿಗೆ ಮೋಟಾರಿನ ಸ್ಕ್ರೂ ಯಾವ ತೂತಿಗೆ ಎಂಬುದು ಕೈಪಿಡಿಯ ಪಟ್ಟಿಯಲ್ಲಿದೆ. ತೂತು ತಪ್ಪಿದರೆ ಹಲ್ಲುಗಳು ಒಂದೋ ಒತ್ತಿ ಕೂತು ಕೀರುತ್ತವೆ, ಇಲ್ಲವೇ ತುದಿಯಲ್ಲಷ್ಟೇ ಕಚ್ಚಿ ಮುರಿಯುತ್ತವೆ. ಪಿನಿಯನ್ನಿನ ಸ್ಕ್ರೂ ಮೋಟಾರು ಶಾಫ್ಟಿನ ಚಪ್ಪಟೆ ಭಾಗಕ್ಕೇ ಎದುರಾಗಿ ಕೂರಬೇಕು. ಉರುಟು ಭಾಗಕ್ಕೆ ಕೂರಿಸಿದ್ದು ಹತ್ತು ನಿಮಿಷದಲ್ಲಿ ಜಾರಿ, ಮೋಟಾರು ಕೂಗುತ್ತದೆ, ಕಾರು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಗೇರುಪೆಟ್ಟಿಗೆ ಮುಚ್ಚಿದ ಮೇಲೆ ಬೆರಳಿನಿಂದ ಒಂದು ಚಕ್ರ ತಿರುಗಿಸಿ ಕಿವಿಗೊಡಿ. ಸುತ್ತಿಗೊಮ್ಮೆ 'ಕಟ್' ಎಂದರೆ ಯಾವುದೋ ಹಲ್ಲಿನಲ್ಲಿ ಪ್ಲಾಸ್ಟಿಕ್ ಚೂರು ಉಳಿದಿದೆ. ಗೇರುಗಳನ್ನು ಚೌಕಟ್ಟಿನಿಂದ ಕತ್ತರಿಸಿದ ಜಾಗ ನೋಡಿ ಸಮ ಮಾಡಿ.

ಸರಳ ಕಿಟ್‌ನ ಡ್ಯಾಂಪರ್‌ನಲ್ಲಿ (ಬೈಕಿನ ಶಾಕ್ ಅಬ್ಸಾರ್ಬರ್ ಥರದ್ದು) ಎಣ್ಣೆಯಿಲ್ಲ, ಬರೀ ಸ್ಪ್ರಿಂಗು ಮತ್ತು ಉಜ್ಜಾಟ. ನುಣುಪು ನೆಲದಲ್ಲಿ ನಡೆದೀತು. ಜಲ್ಲಿಯ ಮೇಲೆ ಇದು ಚೆಂಡಿನಂತೆ ಪುಟಿಯುತ್ತದೆ, ಹಾಗಾಗಿ ಎಣ್ಣೆಯ ಡ್ಯಾಂಪರ್ ಸೆಟ್ಟಿಗೆ ಬೇರೆ ದುಡ್ಡು ಕೊಡುವುದು ದಂಡವಲ್ಲ. ಎಣ್ಣೆಯ ಗಟ್ಟಿತನಕ್ಕೆ ನಂಬರಿದೆ, 300ರದ್ದು ಸಾಕು. 400ರದ್ದು ಈ ನೆಲಕ್ಕೆ ಸ್ವಲ್ಪ ಗಟ್ಟಿಯೇ ಅನ್ನಿಸಿತು. ಸಿಲಿಂಡರಿನ ಬಾಯಿಯವರೆಗೆ ತುಂಬಿ, ಪಿಸ್ಟನ್ನನ್ನು ನಿಧಾನಕ್ಕೆ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ. ಗುಳ್ಳೆಗಳೆಲ್ಲ ಮೇಲೆ ಬರುತ್ತವೆ. ಆಮೇಲೆ ರಬ್ಬರು ಪೊರೆ ಇಟ್ಟು, ಉಕ್ಕಿದ್ದನ್ನು ಒರೆಸಿ, ಮುಚ್ಚಳ ಬಿಗಿಯಬೇಕು. ಎಡಬಲದ ಜೋಡಿಯನ್ನು ಒಟ್ಟಿಗೆ ಒತ್ತಿ ಬಿಟ್ಟು ನೋಡಿ. ಒಂದು ಬೇಗ, ಒಂದು ತಡವಾಗಿ ಎದ್ದರೆ ಒಂದರಲ್ಲಿ ಗಾಳಿ ಉಳಿದಿದೆ. ಹಾಗೇ ಓಡಿಸಿದರೆ ಕಾರು ಬಲ ತಿರುವಿನಲ್ಲಿ ಒಂದು ಥರ, ಎಡ ತಿರುವಿನಲ್ಲಿ ಇನ್ನೊಂದು ಥರ.

ಸರ್ವೋ ಕೂರಿಸುವ ಮೊದಲು ಅದನ್ನು ರಿಸೀವರಿಗೆ ಸಿಕ್ಕಿಸಿ, ಕರೆಂಟು ಕೊಟ್ಟು, ರಿಮೋಟಿನ ಟ್ರಿಮ್ (ಸ್ಟೀರಿಂಗಿನ ನಡುವನ್ನು ಕೊಂಚ ಆಚೀಚೆ ಸರಿಸುವ ಗುಂಡಿ) ಸೊನ್ನೆಯಲ್ಲಿಟ್ಟು ನಡುವಿಗೆ ತರಬೇಕು. ಡಿಕ್ಕಿಯ ಪೆಟ್ಟು ಸರ್ವೋಗೆ ತಾಗದಂತೆ ತಡೆಯುವ ಸರ್ವೋ ಸೇವರ್ ಸಿಕ್ಕಿಸುವುದು ಅದಾದ ಮೇಲೆ. ಸರ್ವೋ ಶಾಫ್ಟಿನ ಗೀರುಗಳ ಎಣಿಕೆ ಕಂಪನಿಯಿಂದ ಕಂಪನಿಗೆ ಬೇರೆ: ಫುಟಾಬಾ ಥರದ್ದಕ್ಕೆ 25, ಜೆಆರ್ ಥರದ್ದಕ್ಕೆ 23, ಹೈಟೆಕ್‌ಗೆ 24. ಕಿಟ್‌ನಲ್ಲಿ ಹಲವು ಬಿಲ್ಲೆ ಕೊಟ್ಟಿರುತ್ತಾರೆ. ತಪ್ಪಿದ್ದನ್ನು ಒತ್ತಿ ಕೂರಿಸಿದರೆ ಒಂದೆರಡು ಡಿಕ್ಕಿಗೆ ಒಳಗಿನ ಗೀರು ಸವೆದು ಸ್ಟೀರಿಂಗು ಅಲೆಯುತ್ತದೆ. ಕೊನೆಗೆ ಎಂಡ್ ಪಾಯಿಂಟ್, ಅಂದರೆ ಸರ್ವೋ ಎಲ್ಲಿಯವರೆಗೆ ತಿರುಗಬೇಕೆಂದು ರಿಮೋಟಿನಲ್ಲಿ ಇಡುವ ಮಿತಿ: ಚಕ್ರ ಪೂರ್ತಿ ತಿರುಗಿ ನಿಂತ ಮೇಲೂ ಸರ್ವೋ 'ಝೀ' ಎನ್ನುತ್ತಿದ್ದರೆ ಅದು ಇನ್ನೂ ತಳ್ಳುತ್ತಿದೆ ಎಂದರ್ಥ. ಸದ್ದು ನಿಲ್ಲುವವರೆಗೆ ಇಳಿಸಿ.

ಇನ್ನು ಬಾಡಿ. ಪಾಲಿಕಾರ್ಬೊನೇಟಿನ ಪಾರದರ್ಶಕ ಚಿಪ್ಪು, ಬಣ್ಣ ಹೊಡೆಯುವುದು ಒಳಗಿನಿಂದ. ಜಾವಾ ಬೈಕು 1961ರಿಂದ ಇಲ್ಲೇ ತಯಾರಾಗುತ್ತಿದ್ದ ಊರಿದು, ಹಳೆಯ ಜಾವಾ, ಯೆಜ್ಡಿ ಟ್ಯಾಂಕಿಗೆ ಬಣ್ಣ ಹೊಡೆಯುವ ಕೈಗಳು ಇಂದಿಗೂ ಇವೆ. ಆ ಕೆಲಸದಲ್ಲಿ ಕೊನೆಯ ಕೋಟು ಕಣ್ಣಿಗೆ ಕಾಣುವುದು, ಮೊದಲ ಕೋಟಿನ ತಪ್ಪನ್ನು ಉಜ್ಜಿ ಮುಚ್ಚಬಹುದು. ಇಲ್ಲಿ ಎಲ್ಲ ತಿರುಗುಮುರುಗು. ಮೊದಲು ಬಿದ್ದ ಮಂಜಿನಂಥ ಕೋಟೇ ಹೊರಗಿನಿಂದ ಕಾಣುವ ಮುಖ, ಅದರ ಮೇಲೆ ಏನು ಮಾಡಿದರೂ ಅದು ಬೆನ್ನು. ಬಣ್ಣವೂ ಬೇರೆ. ಕಾರಿನ ಬಣ್ಣದಂಗಡಿಯ ಸ್ಪ್ರೇ ಆಗಲಿ, ಗೇಟಿಗೆ ಹೊಡೆಯುವ ಎನಾಮಲ್ ಆಗಲಿ ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಬಾಡಿ ಬಾಗಿದ ಮೊದಲ ಡಿಕ್ಕಿಗೇ ಹಕ್ಕಳೆಯಾಗಿ ಉದುರುತ್ತದೆ. ಟಮಿಯಾದಲ್ಲೇ ಪಿಎಸ್ ಸಾಲಿನ ಡಬ್ಬಿ ಪಾಲಿಕಾರ್ಬೊನೇಟಿಗೆ, ಟಿಎಸ್ ಸಾಲಿನದು ಗಟ್ಟಿ ಪ್ಲಾಸ್ಟಿಕ್ ಮಾದರಿಗಳಿಗೆ. ಒಂದಕ್ಷರ ತಪ್ಪಿ ತರಿಸಿದರೆ ಬಾಡಿಯೇ ಹಾಳು.

ಕತ್ತರಿಸುವಾಗ ನೇರ ಗೆರೆಗಳನ್ನು ಕಟ್ಟರ್‌ನಿಂದ ಹಗುರವಾಗಿ ಎರಡು ಮೂರು ಸಲ ಗೀರಿ, ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಗೆರೆ ಹಿಡಿದು ಬಿಟ್ಟುಕೊಳ್ಳುತ್ತದೆ. ಚಕ್ರದ ಕಮಾನಿಗೆ ಬಾಗಿದ ಕತ್ತರಿ. ಗೆರೆಗೆ 2 ಮಿ.ಮೀ. ಉಳಿದಿರುವಾಗಲೇ ನಿಲ್ಲಿಸಿ ಎಮರಿಯಲ್ಲಿ ಉಜ್ಜಿ ಗೆರೆಗೆ ಬನ್ನಿ. ಅಂಚಿನಲ್ಲಿ ಸಣ್ಣ ಕಚ್ಚು ಉಳಿದರೂ ಬಿರುಕು ಹೊರಡುವುದು ಅಲ್ಲಿಂದಲೇ. ಬಾಡಿಯನ್ನು ಹೊರುವ ಷಾಸಿಯ ಕಂಬಗಳಿಗೆ ಬೇಕಾದ ತೂತುಗಳನ್ನು ರೀಮರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಅಗಲಿಸುತ್ತ, ಕಂಬದ ಮೇಲಿಟ್ಟು ನೋಡುತ್ತ ಹೋಗಬೇಕು.

ಆಮೇಲೆ ಒಳಭಾಗವನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ, ನಮ್ಮ ಬೆರಳಿನ ಜಿಡ್ಡು ಎರಡೂ ಹೋಗಬೇಕು. ಬೆರಳು ತಾಗಿದಲ್ಲಿ ಬಣ್ಣ ಮೀನಿನ ಕಣ್ಣಿನಂತೆ ಸರಿದು ನಿಲ್ಲುತ್ತದೆ. ಥಿನ್ನರ್‌ನಲ್ಲಿ ಒರೆಸುವ ಯೋಚನೆಯೇ ಬೇಡ, ಪ್ಲಾಸ್ಟಿಕ್ ಮಂಜಾಗಿ ಬಿರಿಯುತ್ತದೆ. ಒಣಗಿದ ಮೇಲೆ ಅಂಚಿನಲ್ಲಷ್ಟೇ ಹಿಡಿದು, ಕಿಟಕಿಗಳ ಮಾಸ್ಕನ್ನು ಒಳಗಿನಿಂದ ಅಂಟಿಸಿ, ಅಂಚುಗಳನ್ನು ಉಗುರಿನಿಂದ ಒತ್ತಬೇಕು. ಹೊರಗಿನ ರಕ್ಷಣಾ ಪೊರೆಯನ್ನು ಈಗ ಮುಟ್ಟಬಾರದು.

ಬಣ್ಣಗಳ ಕ್ರಮ ಹೀಗೆ: ಕಡು ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಕೆಳಭಾಗ ನೀಲಿ, ಮೇಲ್ಛಾವಣಿ ಬಿಳಿ ಬೇಕಿತ್ತು. ಛಾವಣಿಯ ಒಳಭಾಗಕ್ಕೆ ಟೇಪು ಅಂಟಿಸಿ ಮೊದಲು ಪಿಎಸ್-4 ನೀಲಿ, ಟೇಪು ಕಿತ್ತು ಇಡೀ ಒಳಭಾಗಕ್ಕೆ ಪಿಎಸ್-1 ಬಿಳಿ. ಹೀಗೆ ಮಾಡಿದರೆ ನೀಲಿಯ ಬೆನ್ನಿಗೂ ಬಿಳಿ ಬಿದ್ದು ನೀಲಿ ಬೆಳಗುತ್ತದೆ. ತಲೆಕೆಳಗು ಮಾಡಿದರೆ ಬಿಳಿಯ ಹಿಂದಿನ ನೀಲಿ ಇಣುಕಿ ಛಾವಣಿ ಮಾಸಲು ಕಾಣುತ್ತದೆ. ಕೊನೆಗೆ ಪಿಎಸ್-5 ಕಪ್ಪಿನ ಒಂದು ತೆಳು ಪದರ ಹೊಡೆದದ್ದು ಬಿಸಿಲಿಗೆ ಹಿಡಿದಾಗ ಬೆಳಕು ಹಾಯದಿರಲಿ ಎಂದು. ಅದಕ್ಕೆ ಮೊದಲು ಬಿಳಿ ಎಲ್ಲೂ ತೆಳುವಾಗಿಲ್ಲವೆಂದು ಬಲ್ಬಿಗೆ ಹಿಡಿದು ನೋಡಿಕೊಳ್ಳಬೇಕು.

ಹೊಡೆದದ್ದು ಫೆಬ್ರವರಿಯಲ್ಲಿ, ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ನಡುವೆ. ಮೈಸೂರಿನಲ್ಲಿ ಇದಕ್ಕೆ ಫೆಬ್ರವರಿ, ಮಾರ್ಚ್ ತಿಂಗಳೇ ಸರಿ. ಜೂನ್ ಬಂದು ಸೋನೆ ಹಿಡಿದರೆ ಗಾಳಿಯ ತೇವ ಹಸಿ ಬಣ್ಣದೊಳಗೆ ಸಿಕ್ಕಿ ಬೂದಿ ಬಳಿದಂತೆ ಬೆಳ್ಳಗೆ ಮಬ್ಬಾಗುತ್ತದೆ. ಚಳಿಗಾಲದ ಮುಂಜಾನೆಯೂ ಹಾಗೇ. ಡಬ್ಬಿಯನ್ನು ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು, ಚೆನ್ನಾಗಿ ಕುಲುಕಿದರೆ ಬಣ್ಣ ನುಣ್ಣಗೆ ಸಿಂಪಡುತ್ತದೆ. ಒಲೆಯ ಹತ್ತಿರ ಡಬ್ಬಿ ಸುಳಿಯಲೇಕೂಡದು. ತಾರಸಿಯಲ್ಲಿ ಗಾಳಿ ಎತ್ತಿಕೊಂಡು ಹೋಗುತ್ತದೆ, ಧೂಳು ತಂದು ಕೂರಿಸುತ್ತದೆ. ಬಾಗಿಲು ತೆರೆದಿಟ್ಟ ಕೋಣೆಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಮಲಗಿಸಿ ಅದರೊಳಗೆ ಹೊಡೆಯುವುದು ಮೇಲು. ಮುಖಕ್ಕೆ ಮಾಸ್ಕ್ ಇರಲಿ, ಫ್ಯಾನ್ ಬೇಡ.

ಅಂತರ 25 ಸೆಂ.ಮೀ. ಬಾಡಿಯ ಹೊರಗೆ ಶುರು ಮಾಡಿ, ಮೇಲಿಂದ ಹಾಯಿಸಿ, ಆಚೆ ಬದಿ ದಾಟಿದ ಮೇಲೆ ಗುಂಡಿ ಬಿಡಬೇಕು. ಮೊದಲ ಕೋಟು ಬರೀ ಹನಿಹನಿ, ಆಚೆಯದು ಇನ್ನೂ ಕಾಣುತ್ತಿರಬೇಕು. ಈ ತೆಳು ಕೋಟು ಟೇಪಿನ ಅಂಚನ್ನು ಮುಚ್ಚಿಬಿಡುತ್ತದೆ, ಮುಂದಿನದು ಅಡಿಗೆ ನುಸುಳುವುದಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಹೀಗೆ ಮೂರು ನಾಲ್ಕು. ಒಂದೇ ಸಲಕ್ಕೆ ತುಂಬಲು ಹೋದರೆ ಬಣ್ಣ ಮೂಲೆಗೆ ಇಳಿದು ಗಟ್ಟಿ ಕಟ್ಟುತ್ತದೆ, ಡಿಕ್ಕಿಗೆ ಮೊದಲು ಬಿರಿಯುವುದು ಆ ದಪ್ಪ ಜಾಗವೇ. ಟೇಪು ಕೀಳುವಾಗ ಅದನ್ನು ಅದರ ಮೇಲೇ ಮಡಚಿ, ನೆಲಕ್ಕೆ ಸಮಾನಾಂತರವಾಗಿ, ನಿಧಾನಕ್ಕೆ ಎಳೆಯಿರಿ. ಒಂದು ರಾತ್ರಿ ಪೂರ್ತಿ ಒಣಗಿದ ಮೇಲೆ ಹೊರಗಿನ ಪೊರೆಯ ಮೂಲೆಯೊಂದನ್ನು ಉಗುರಿನಿಂದ ಎತ್ತಿ ಸುಲಿಯಬೇಕು. ಅಲ್ಲಿಯವರೆಗೆ ಮಂಕಾಗಿ, ಗೀರುಗೀರಾಗಿ ಕಾಣುತ್ತಿದ್ದ ನೀಲಿ ಬಣ್ಣ, ಪೊರೆ ಸರಿದಂತೆ, ಗಾಜಿನ ಹೊಳಪಿಗೆ ತಿರುಗುತ್ತ ಬರುತ್ತದೆ. ಅಷ್ಟು ದಿನದ ತಾಳ್ಮೆಗೆ ಕಣ್ಣು ತುಂಬುವುದು ಆಗಲೇ. ಸ್ಟಿಕ್ಕರ್‌ಗಳ ಮೂಲೆ ಉರುಟಾಗಿ ಕತ್ತರಿಸಿ ಅಂಟಿಸಿ, ಚೂಪು ಮೂಲೆ ಬೇಗ ಎದ್ದು ಧೂಳು ಹಿಡಿಯುತ್ತದೆ.

ಬ್ಯಾಟರಿ ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್), 7.4 ವೋಲ್ಟ್, ಗಟ್ಟಿ ಕವಚದ್ದು. ಕೊಳ್ಳುವ ಮೊದಲು ಷಾಸಿಯ ಬ್ಯಾಟರಿ ಗೂಡನ್ನು ಅಳೆಯಿರಿ, ಚೌಕ ಮೂಲೆಯದು ಎಲ್ಲದರಲ್ಲೂ ಕೂರುವುದಿಲ್ಲ. 5000 ಮಿಲಿಆಂಪಿಯರ್-ಅವರ್ ಬ್ಯಾಟರಿಗೆ ಚಾರ್ಜು 5 ಆಂಪಿಯರ್, ಸೆಲ್ಲುಗಳನ್ನು ಸಮವಾಗಿ ತುಂಬಿಸುವ ಬ್ಯಾಲೆನ್ಸ್ ತಂತಿ ಸಿಕ್ಕಿಸಿಯೇ, ಸೆಲ್ಲಿಗೆ 4.2 ವೋಲ್ಟಿನವರೆಗೆ. ಇಎಸ್‌ಸಿಯಲ್ಲಿ ಲಿಪೊ ಕಟ್ಆಫ್ (ವೋಲ್ಟು ಇಳಿದಾಗ ಮೋಟಾರು ನಿಲ್ಲಿಸುವ ಏರ್ಪಾಡು) ಇದೆಯೇ, ಚಾಲೂ ಇದೆಯೇ ನೋಡಲೇಬೇಕು, ಸೆಲ್ಲಿಗೆ 3.2 ಅಥವಾ 3.3 ವೋಲ್ಟಿಗೆ ಇಡಿ. 3ಕ್ಕಿಂತ ಕೆಳಗಿಳಿದ ಸೆಲ್ಲು ಉಬ್ಬುತ್ತದೆ, ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಒಂದು ವಾರ ಓಡಿಸುವುದಿಲ್ಲವಾದರೆ 3.8ರ ಆಸುಪಾಸಿಗೆ ತಂದು ಇಡಬೇಕು. ಚಾರ್ಜು ಸಿಮೆಂಟು ನೆಲದ ಮೇಲೆ, ಕಣ್ಣೆದುರಿಗೆ. ರಾತ್ರಿ ಹಾಕಿ ಮಲಗುವುದು ಬೇಡವೇ ಬೇಡ.

ಮೊದಲ ಓಟ ಭಾನುವಾರ ಬೆಳಗ್ಗೆ ಏಳಕ್ಕೆ, ಬಡಾವಣೆಯ ಜನವಿಲ್ಲದ ಅಡ್ಡರಸ್ತೆಯಲ್ಲಿ, ಎರಡೂ ತುದಿಗೆ ಒಬ್ಬೊಬ್ಬರು ನಿಂತು. ಒಂದೂವರೆ ಕೆಜಿಯಷ್ಟು ತೂಗುವ ಕಾರು ಓಡುವಾಗ ಯಾರ ಕಾಲಿಗೆ ಬಡಿದರೂ ಪೆಟ್ಟಾಗುತ್ತದೆ, ಓಡಾಟವಿರುವ ರಸ್ತೆ ಇದಕ್ಕಲ್ಲ. ರಿಮೋಟು ಮೊದಲು ಆನ್, ಕಾರು ಆಮೇಲೆ. ಆಫ್ ಮಾಡುವಾಗ ಕಾರು ಮೊದಲು. ಇಪ್ಪತ್ತು ಮೀಟರು ನೇರ ಓಡಿಸಿ ಟ್ರಿಮ್ ನೋಡಿಕೊಂಡೆವು. ಟ್ರಿಮ್ ತುಂಬ ಸರಿಸಬೇಕಾಗಿ ಬಂದರೆ ಎಡಬಲದ ಸ್ಟೀರಿಂಗ್ ಕಡ್ಡಿಗಳು ಸಮವಿಲ್ಲ ಎಂದೇ ಅರ್ಥ, ರಿಮೋಟಿನಲ್ಲಿ ಮುಚ್ಚುವ ಬದಲು ಕಡ್ಡಿ ಸರಿಪಡಿಸುವುದೇ ಸರಿ.

ಷಾಸಿಯ ತಳ ನೆಲದಿಂದ 5 ಮಿ.ಮೀ. ಎತ್ತರದಲ್ಲಿತ್ತು. ಐದು ನಿಮಿಷ ಓಡಿಸಿ ಮಗುಚಿ ನೋಡಿದರೆ ತಳದ ಮುಂಭಾಗದಲ್ಲಿ ಬೆಳ್ಳನೆಯ ಗೀರುಗಳು. ಸ್ಪ್ರಿಂಗಿನ ಮೇಲೆ ಹೆಚ್ಚುವರಿ ಕ್ಲಿಪ್ಪು ಹಾಕಿ 7 ಮಿ.ಮೀ.ಗೆ ಎತ್ತಿದ ಮೇಲೆ ನಿಂತಿತು. ಎತ್ತರ ಏರಿದಂತೆ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಒಂದು ಮಿ.ಮೀ.ಯನ್ನೂ ಏರಿಸಬಾರದು. ಇನ್ನೊಂದು ಅಳತೆ ಷಾಸಿಯ ಜೋಲು: ಷಾಸಿಯನ್ನು ಹಿಡಿದು ಎತ್ತಿದಾಗ ಚಕ್ರ ನೆಲ ಬಿಡುವ ಮೊದಲು ಎಷ್ಟು ಮೇಲೇಳುತ್ತದೆ ಎಂಬುದು. ಇಲ್ಲಿಗೆ 4 ಮಿ.ಮೀ. ಬೇಕಾಯಿತು. ಜೋಲು ಕಡಿಮೆಯಿದ್ದರೆ ಚಕ್ರ ತಗ್ಗಿಗೆ ಇಳಿದು ನೆಲ ಮುಟ್ಟುವುದಿಲ್ಲ.

ತಿರುವಿಗೆ ಇಳಿಯುವಾಗ ಮೂತಿ ಹೊರಗೆ ತಳ್ಳಿಕೊಂಡು ಹೋಗುತ್ತಿದೆಯೇ? ಮುಂದಿನ ಸ್ಪ್ರಿಂಗು ಒಂದು ದರ್ಜೆ ಮೆದು ಮಾಡಿ. ಅದಕ್ಕೂ ಬಗ್ಗದಿದ್ದರೆ ಮುಂದಿನ ಚಕ್ರಗಳನ್ನು ಒಂದು ಡಿಗ್ರಿ ಹೊರಮುಖ ಮಾಡಿ. ತಿರುವು ಮುಗಿಸಿ ವೇಗ ಕೊಡುವಾಗ ಹಿಂಭಾಗ ಬೀಸಿದರೆ ಹಿಂದಿನ ಸ್ಪ್ರಿಂಗು ಮೆದು, ಹಿಂದಿನ ಚಕ್ರಗಳು ಎರಡು ಡಿಗ್ರಿಯಷ್ಟು ಒಳಮುಖ. ಇದಕ್ಕೆ ಬೇರೆ ಅಪ್‌ರೈಟ್ (ಚಕ್ರವನ್ನು ಹಿಡಿದಿಡುವ ಭಾಗ) ಕೊಳ್ಳಬೇಕಾಗಬಹುದು. ಮೂಲ ಕಿಟ್‌ನ ಮೇಲಿನ ತೋಳು ಬದಲಾಗದ ಅಳತೆಯದು. ಕ್ಯಾಂಬರ್, ಅಂದರೆ ಚಕ್ರ ವಾಲಿದ ಕೋನ, ಬದಲಿಸುವ ಆಸೆಯಿದ್ದರೆ ಉದ್ದ ಹೊಂದಿಸುವ ತೋಳು ಹಾಕಿ ಚಕ್ರದ ತಲೆಯನ್ನು ಒಂದರಿಂದ ಎರಡು ಡಿಗ್ರಿ ಒಳಕ್ಕೆ ವಾಲಿಸಿ. ಟಯರಿನ ಒಳಅಂಚು ಮಾತ್ರ ಸವೆಯುತ್ತಿದ್ದರೆ ವಾಲಿಸಿದ್ದು ಜಾಸ್ತಿಯಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು. ಎರಡು ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ಗೊತ್ತಾಗುವುದೇ ಇಲ್ಲ. ಇಷ್ಟೆಲ್ಲ ಮಾಡುವ ಮೊದಲು ಒದ್ದೆ ಬಟ್ಟೆಯಲ್ಲಿ ಟಯರು ಒರೆಸಿ ನೋಡಿ. ಕೆಮ್ಮಣ್ಣು ಹಿಡಿದ ಟಯರಿಗೆ ಯಾವ ಸೆಟ್ಟಿಂಗೂ ನಾಟುವುದಿಲ್ಲ.

ಪ್ರತಿ ಬ್ಯಾಟರಿ ಮುಗಿದ ಮೇಲೆ ಮೋಟಾರಿನ ಬಿಸಿ ನೋಡಬೇಕು. ಥರ್ಮಾಮೀಟರ್ ಗನ್ 70 ಡಿಗ್ರಿ ದಾಟಿದ್ದು ತೋರಿಸಿದರೆ ಪಿನಿಯನ್ ಒಂದು ಹಲ್ಲು ಕಡಿಮೆ ಮಾಡಿ, ಮೋಟಾರು ಆರಿದ ಮೇಲೆಯೇ ಎರಡನೇ ಬ್ಯಾಟರಿ ಹಾಕಿ. ಮನೆಗೆ ಬಂದ ಮೇಲೆ ನೀರು ಮುಟ್ಟಿಸದೆ ಹಳೆಯ ಪೇಂಟ್ ಬ್ರಶ್ಶಿನಲ್ಲಿ ತಳ, ತೋಳು, ಚಕ್ರದ ಸಂದುಗಳ ಮಣ್ಣು ಕೊಡವಿ, ಚಕ್ರದ 4 ಮಿ.ಮೀ. ನಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಒಳಗಿನ ನೈಲಾನ್ ಬಳೆ ಸವೆದ ನಟ್ ಬರಿಗೈಯಲ್ಲೇ ತಿರುಗುತ್ತದೆ, ಅಂಥದ್ದನ್ನು ಆಗಲೇ ಎಸೆದು ಹೊಸದು ಹಾಕಿ.